ಶೆಲ್ಲು ಇಳಿದ ಶ್ರುತಿ

ಹೋದ ತಿಂಗಳು ನಮ್ಮ ಹೈಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಗೆಳೆಯ ಬರೆದ: 'ಹಾಡು ಅಂದರೆ ನಮ್ಮ ಕಾಲದ್ದು. ಈಗಿನದೆಲ್ಲ ಬರೀ ಗಲಾಟೆ.' ಸ್ವಲ್ಪ ಹೊತ್ತಿನಲ್ಲೇ ಸಾಲುಸಾಲಾಗಿ ಹೆಬ್ಬೆರಳು ಬಿದ್ದವು. ನಾನೂ ಒಂದು ಒತ್ತಿದೆ. ಒತ್ತಿ ಫೋನ್ ಕೆಳಗಿಟ್ಟ ಮೇಲೆ ತಲೆಯೊಳಗೆ ಹುಳ ಹೊಕ್ಕಿತು. ನಮ್ಮ ಕಾಲ ಅಂದರೆ ಯಾವುದು?

ನಾನು ಹುಟ್ಟಿದ್ದು 1977ರಲ್ಲಿ. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ, ಬಲಕ್ಕೆ ಇಳಿದು, ಹಳ್ಳ ದಾಟಿದರೆ ನಮ್ಮ ಮನೆ. ಹೈಸ್ಕೂಲು ಸೇರಿದ್ದು 1990ರಲ್ಲಿ. ಆ ಲೆಕ್ಕಕ್ಕೆ ತೊಂಬತ್ತರ ದಶಕದ ಶುರುವಿನ ಹಾಡುಗಳು ನನ್ನ ಕಾಲದ್ದಾಗಬೇಕು. ಆದರೆ ಆಗ ನಮ್ಮ ಮನೆಯಲ್ಲಿ ಇದ್ದ ಕ್ಯಾಸೆಟ್ಟುಗಳು ಯಾವುವು ಅಂತ ನೆನಪಿಸಿಕೊಂಡರೆ ನಗು ಬರುತ್ತದೆ. ಒಂದು, 1978ರ 'ನಿತ್ಯೋತ್ಸವ', ಅದೂ ಯಾರದ್ದೋ ಮನೆಯ ಪ್ರತಿಯ ಪ್ರತಿ. ಇನ್ನೊಂದು, 1987ರ 'ಪ್ರೇಮಲೋಕ', ನಮ್ಮ ಮನೆಗೆ ಬಂದಿದ್ದು 1991ರಲ್ಲಿ. ಭೀಮಸೇನ ಜೋಶಿಯವರ ದಾಸರ ಪದಗಳು. ಮೂರು ಯಕ್ಷಗಾನ. ಒಂದು ಕ್ಯಾಸೆಟ್ಟಿನ ಮೇಲೆ ಏನು ಬರೆದಿತ್ತೆಂದು ಯಾರಿಗೂ ಗೊತ್ತಿಲ್ಲ, ಚೀಟಿಯನ್ನು ಜಿರಲೆ ತಿಂದಿತ್ತು.

1992ರಲ್ಲಿ ರೆಹಮಾನ್ ಬಂದು ಇಡೀ ದೇಶದ ಕಿವಿ ತಿರುಗಿಸಿದರು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಿವಿ ತಿರುಗಿದ್ದು 1995ರಲ್ಲಿ, ಕಾಲೇಜಿಗೆಂದು ಹುಬ್ಬಳ್ಳಿಗೆ ಹೋದ ಮೇಲೆ. ಕಾಲ ಅನ್ನುವುದು ಮೊದಲು ಮದ್ರಾಸಿಗೋ ಬೆಂಗಳೂರಿಗೋ ಬರುತ್ತಿತ್ತು. ಆಮೇಲೆ ಹುಬ್ಬಳ್ಳಿ. ಆಮೇಲೆ ಶಿರಸಿ. ಅಲ್ಲಿಂದ ನಮ್ಮೂರಿಗೆ ಸಂಜೆಯ ಬಸ್ಸಿಗೆ ಬರಬೇಕು. ಮಳೆಗಾಲದಲ್ಲಿ ಆ ಬಸ್ಸೂ ಹಳ್ಳದ ಆಚೆಗೇ ನಿಲ್ಲುತ್ತಿತ್ತು.

ಹಾಗಾಗಿ ಹಾಡು ಬಿಡುಗಡೆಯಾದ ವರ್ಷಕ್ಕೂ ನಮಗೂ ಸಂಬಂಧವೇ ಇಲ್ಲ. ಅದು ನಮ್ಮ ಜಗಲಿಗೆ ಯಾವಾಗ ಬಂತು, ಯಾರ ಕೈಯಲ್ಲಿ ಬಂತು, ಯಾವ ಸ್ಥಿತಿಯಲ್ಲಿ ಬಂತು, ಇವೇ ಮುಖ್ಯ.

ಸ್ಥಿತಿ ಅಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು.

ನಮ್ಮ ಚಿಕ್ಕಪ್ಪ ಒಂದು ಟೂ-ಇನ್-ಒನ್ ತಂದಿದ್ದ, ರೇಡಿಯೋ ಟೇಪು ಎರಡೂ ಇರುವಂಥದ್ದು. ಆರು ದೊಡ್ಡ ಶೆಲ್ಲು, ಅಂದರೆ ಬ್ಯಾಟರಿ, ಬೇಕು ಅದಕ್ಕೆ. ಕರೆಂಟು ಇತ್ತು, ಆದರೆ ಜೂನ್‌ನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಆಯಿತು, ವಾರಗಟ್ಟಲೆ ಚಿಮಣಿ ದೀಪ. ಶೆಲ್ಲಿಗೆ ದುಡ್ಡು ಕೊಡುವವರು ಯಾರು? ಹಳೆಯದನ್ನೇ ಬಿಸಿಲಿಗಿಟ್ಟು ಮತ್ತೆ ಹಾಕುವುದು. ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಒಲೆಯ ದಂಡೆಯ ಮೇಲೆ ಇಡುವುದು. ಬೆಚ್ಚಗಾದರೆ ಒಳಗಿನ ರಾಸಾಯನಿಕ ಸ್ವಲ್ಪ ಚುರುಕಾಗುತ್ತದೆ, ಎರಡು ಮೂರು ಹಾಡಿಗೆ ಜೀವ ಬರುತ್ತದೆ. ಕ್ಯಾಸೆಟ್ಟುಗಳಿಗೂ ಅಲ್ಲೇ ಜಾಗ. ಇಲ್ಲದಿದ್ದರೆ ಟೇಪಿನ ಮೇಲೆ ಬಿಳಿ ಬೂಸ್ಟು ಬರುತ್ತಿತ್ತು. ನಮ್ಮ ಮನೆಯ ಭಾವಗೀತೆಗಳಿಗೆಲ್ಲ ಹೊಗೆಯ ವಾಸನೆ.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಶೆಲ್ಲು ಇಳಿದರೆ ಮೋಟಾರು ನಿಧಾನವಾಗುತ್ತದೆ, ಟೇಪೂ ನಿಧಾನ, ಶ್ರುತಿಯೂ ಕೆಳಗೆ. ನಾನು 'ಪ್ರೇಮಲೋಕ'ದ ಒಂದು ಯುಗಳಗೀತೆ ಕಲಿತಿದ್ದು ಹಾಗೇ. ಹೆಣ್ಣಿನ ದನಿ ಗಂಡಿನ ದನಿಯ ಹತ್ತಿರ ಬರುತ್ತಿತ್ತು. ಗಂಡಿನ ದನಿ ಬಾವಿಯೊಳಗಿಂದ. ಹಂಸಲೇಖರು ಅಷ್ಟು ಚುರುಕಾಗಿ ಹಾಕಿದ ತಾಳ ನಮ್ಮ ಮನೆಯಲ್ಲಿ ಎತ್ತಿನ ಗಾಡಿಯ ಹಾಗೆ ಬರುತ್ತಿತ್ತು. ನಾನು ಅದನ್ನು ದುಃಖದ ಹಾಡು ಅಂದುಕೊಂಡಿದ್ದೆ! ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅದನ್ನು ಸರಿಯಾದ ವೇಗದಲ್ಲಿ ಮೊದಲ ಸಲ ಕೇಳಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ಹಾಡನ್ನು ಓಡಿಸಿಕೊಂಡು ಹೋಗುತ್ತಿದ್ದಾರಲ್ಲ ಅಂತ. ಇವತ್ತಿಗೂ ನನಗೆ ಆ ಹಾಡು ಒಂದು ಮೆಟ್ಟಿಲು ಕೆಳಗಿನ ಶ್ರುತಿಯಲ್ಲೇ ಸರಿ.

ಈಗ ಹೇಳಿ, ಇದನ್ನು ರುಚಿ ಅನ್ನಬೇಕೋ, ಶೆಲ್ಲಿನ ದೋಷ ಅನ್ನಬೇಕೋ?

ಈ ವಿಷಯದಲ್ಲಿ ಅಮೆರಿಕದಲ್ಲಿ ಸಾಕಷ್ಟು ಅಧ್ಯಯನ ಆಗಿದೆ. ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಅನ್ನುವ ಇಬ್ಬರು 1989ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಹಳೆಯ ಜನಪ್ರಿಯ ಹಾಡುಗಳ ತುಣುಕು ಕೇಳಿಸಿ, ಯಾವುದು ಇಷ್ಟ ಅಂತ ಕೇಳಿದರು. ತಮಗೆ ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳೇ ಜಾಸ್ತಿ ಇಷ್ಟ ಅಂತ ಬಂತು. ನೆನಪಿನ ಬಗ್ಗೆ ಕೆಲಸ ಮಾಡುವವರೂ ಅದನ್ನೇ ಇನ್ನೊಂದು ರೀತಿ ಹೇಳುತ್ತಾರೆ: ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಉಳಿದವಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ, ಹಾಡುಗಳೂ ಅವಕ್ಕೆ ಅಂಟಿಕೊಂಡೇ ಇರುತ್ತವೆ. ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಹಾಡು ಬಂದ ವರ್ಷವೇ ಎಲ್ಲರಿಗೂ ಅದು ಕೇಳಿರುತ್ತದೆ ಅಂತ ಇವರು ಹಿಡಿದಿದ್ದಾರೆ. ಆ ಲೆಕ್ಕದಲ್ಲಿ ನಮ್ಮೂರಿನ ಬಸ್ಸು ಇಲ್ಲ.

ಇನ್ನೊಂದು ಅಧ್ಯಯನ ನನಗೆ ಜಾಸ್ತಿ ಹಿಡಿಸಿತು. ಕ್ಯಾರೊಲ್ ಕ್ರುಮ್‌ಹ್ಯಾನ್ಸಲ್ ಮತ್ತು ಅವರ ಸಹ-ಸಂಶೋಧಕರು 2013ರಲ್ಲಿ ಬರೆದದ್ದು. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ತಮ್ಮ ಹಾಡಿನ ಜೊತೆಗೆ ತಮ್ಮ ಅಪ್ಪ ಅಮ್ಮನ ಹರೆಯದ ಹಾಡುಗಳೂ ಇಷ್ಟವಾಗುತ್ತವಂತೆ, ಅದಕ್ಕೂ ಹಿಂದಿನವು ಕೂಡ ಸ್ವಲ್ಪ. ಮನೆಯಲ್ಲಿ ಹಿರಿಯರು ಏನು ಹಚ್ಚುತ್ತಾರೋ ಅದು ಮಕ್ಕಳ ಕಿವಿಗೆ ಇಳಿಯುತ್ತದೆ. ಇದಕ್ಕೆ ನಮ್ಮ ಮನೆಯೇ ಸಾಕ್ಷಿ.

ತಾಯಿಯ ಮನೆ ಅಂಕೋಲೆ ಕಡೆ. ಅಜ್ಜ ಕಾರವಾರದಲ್ಲಿ ಕಾರಕೂನ ಆಗಿದ್ದರು. ಅವರು ಸ್ನಾನ ಮಾಡುವಾಗ ಹಾಡುತ್ತಿದ್ದುದೆಲ್ಲ ಮರಾಠಿ ನಾಟ್ಯಪದ. ನಮಗೆ ಅದು ವಿಚಿತ್ರ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಜ್ಜನ ಹರೆಯ ಪೂರ್ತಿ ಮುಂಬೈ ಕಡೆ ಮುಖ ಮಾಡಿಕೊಂಡೇ ಕಳೆದಿತ್ತು. ನಾಟಕ ಮರಾಠಿ, ಪತ್ರಿಕೆ ಮರಾಠಿ, ಮರಾಠಿ ರಂಗದ ನಟ-ಗಾಯಕ ಬಾಲಗಂಧರ್ವರು ದೇವರು. ಮದ್ರಾಸ್ ಪ್ರಾಂತ್ಯದಲ್ಲೇ ಉಳಿದ ಮಂಗಳೂರಿನಲ್ಲಿ ಹುಟ್ಟಿದ್ದರೆ ಅದೇ ಅಜ್ಜ ಬೇರೆ ಏನನ್ನೋ ಹಾಡುತ್ತಿದ್ದರು. ಹಾಡಿನ ರುಚಿಗೆ ಪ್ರಾಂತ್ಯದ ಗಡಿ ಎಳೆದ ಬ್ರಿಟಿಷ್ ಸಾಹೇಬನದೂ ಒಂದು ಪಾಲು ಇದೆ ಅಂದರೆ ಅಜ್ಜ ಕೋಲು ತೆಗೆದುಕೊಳ್ಳುತ್ತಿದ್ದರು.

ಅಪ್ಪನದು ರೇಡಿಯೋ ಕಾಲ. 1952ರಿಂದ ಬುಧವಾರ ರಾತ್ರಿ ಎಂಟಕ್ಕೆ ಸಿಲೋನ್ ರೇಡಿಯೋದಲ್ಲಿ ಬರುತ್ತಿದ್ದ ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಕೇಳಿ ಬೆಳೆದವರು. ಆಗ ನಮ್ಮ ಆಕಾಶವಾಣಿಗೆ ಸಿನಿಮಾ ಹಾಡು ಅಂದರೆ ಮೈಲಿಗೆ. ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ಪ್ರಸಾರ ಮಂತ್ರಿಯಾಗಿದ್ದಾಗ ಅದನ್ನು ಹೆಚ್ಚುಕಡಿಮೆ ಹೊರಗೇ ಇಟ್ಟಿದ್ದರು. ಕೇಳುವವರೆಲ್ಲ ಸಿಲೋನಿಗೆ ಹೋದರು. ಸಿನಿಮಾ ಹಾಡು ಹಾಕುವ ಆಕಾಶವಾಣಿಯ ವಿವಿಧ ಭಾರತಿ ಬಂದಿದ್ದು 1957ರಲ್ಲಿ. (ಹಾರ್ಮೋನಿಯಮ್ಮಿಗೂ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಬಹಿಷ್ಕಾರ ಇತ್ತು. ನಮ್ಮ ಸೀಮೆಯಲ್ಲಿ ಎರಡು ಮನೆಗೊಂದು ಪೆಟ್ಟಿಗೆ ಇರುವಾಗ!)

ಒಂದೇ ಜಿಲ್ಲೆಯಲ್ಲಿ ರೇಡಿಯೋ ಕೂಡ ಒಂದೇ ಥರ ಇರಲಿಲ್ಲ. ಅಂಕೋಲೆ ಅಜ್ಜನ ಮನೆಯಲ್ಲಿ ಕತ್ತಲಾದರೆ ಮುಳ್ಳು ಎಲ್ಲಿ ತಿರುಗಿಸಿದರೂ ಒಂದು ಸ್ಟೇಷನ್ನು. ಪಣಜಿಯಂತೂ ಮನೆಯ ಹಿಂದೆ ಇದ್ದ ಹಾಗೆ. ಮೀಡಿಯಂ ವೇವ್ ಅಲೆಗಳು ಸಮುದ್ರದ ಮೇಲೆ ಸಲೀಸಾಗಿ ಹೋಗುತ್ತವೆ, ರಾತ್ರಿಯಂತೂ ಆಕಾಶಕ್ಕೆ ತಾಗಿ ದೂರದೂರಕ್ಕೆ ಇಳಿಯುತ್ತವೆ. ಹಾಗಾಗಿ ನನ್ನ ಮಾವಂದಿರಿಗೆ ಗೋವಾದ ಗಾಯಕಿ ಲೋರ್ನಾ ಗೊತ್ತು, ಆಲ್ಫ್ರೆಡ್ ರೋಜ್ ಗೊತ್ತು, ಗಿಟಾರು ತುತ್ತೂರಿ ಇರುವ ಕೊಂಕಣಿ ಹಾಡಿಗೆ ಕಾಲು ತಾನೇ ಕುಣಿಯುತ್ತದೆ. ಘಟ್ಟದ ಮೇಲೆ ನಮ್ಮ ಮನೆ ಎರಡು ಗುಡ್ಡದ ಸಂದಿಯಲ್ಲಿ. ಹಗಲು ಸ್ಪಷ್ಟವಾಗಿ ಸಿಗುತ್ತಿದ್ದುದು ಧಾರವಾಡ ಒಂದೇ. ಮಾವಂದಿರೂ ಅಪ್ಪನೂ ಒಂದೇ ವಾರಿಗೆಯವರು. ನಡುವೆ ಒಂದು ಘಟ್ಟ, ಅಷ್ಟೇ. ಮದುವೆ ಮನೆಯಲ್ಲಿ ಯಾವ ಹಾಡು ಹಚ್ಚಬೇಕು ಅನ್ನುವುದಕ್ಕೆ ಇವತ್ತಿಗೂ ಅವರಿಗೆ ಜಗಳ.

ಧಾರವಾಡ ಅಂದರೆ ಹಿಂದೂಸ್ತಾನಿ ಗಾಯಕರು: ಮನ್ಸೂರ, ಗಂಗೂಬಾಯಿ, ರಾಜಗುರು. ಶನಿವಾರ ರಾತ್ರಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬೇರೆ. ರೇಡಿಯೋ ಇದ್ದುದು ಜಗಲಿಯಲ್ಲಿ, ನಾವು ಮಕ್ಕಳು ಮಲಗುತ್ತಿದ್ದುದೂ ಜಗಲಿಯಲ್ಲೇ. ಆ ಆಲಾಪ ಶುರುವಾದರೆ ನಮಗೆ ಅಳು ಬರುತ್ತಿತ್ತು. ಒಂದು ಶಬ್ದ ಮಾತಾಡಿದರೆ ಅಪ್ಪ ಕತ್ತಲಲ್ಲೇ 'ಶ್ಶ್' ಅನ್ನುತ್ತಿದ್ದರು. ಆ 'ಶ್ಶ್' ಮಾತ್ರ ಈಗಲೂ ಕಿವಿಯಲ್ಲಿದೆ.

ನಲವತ್ತು ದಾಟಿದ ಮೇಲೆ ಒಂದು ದಿನ ಕಾರಿನಲ್ಲಿ ಹೋಗುವಾಗ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಬಂತು. ದೇವಿಮನೆ ಘಟ್ಟದ ತಿರುವುಗಳು. ರಾಗದ ಹೆಸರು ನನಗೆ ಗೊತ್ತಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಅವರು ಮುಂದೆ ಎಲ್ಲಿ ಇಳಿಯುತ್ತಾರೆ, ಎಲ್ಲಿ ತಟ್ಟನೆ ತಿರುಗುತ್ತಾರೆ ಅಂತ ಗೊತ್ತಾಗುತ್ತಿತ್ತು. ನಾನು ಕಲಿಯಲೇ ಇಲ್ಲ ಅಂದುಕೊಂಡಿದ್ದು ಒಳಗೆ ಕೂತಿತ್ತು. ನಿದ್ದೆಯಲ್ಲಿ ಕೇಳಿದ್ದು, ಬೈದುಕೊಂಡು ಕೇಳಿದ್ದು, ಎಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಚೆಂದ ಇರುತ್ತಿತ್ತು. ಆದರೆ ಇನ್ನೊಂದು ಇದೆ, ಅದು ನನಗೆ ಸ್ವಲ್ಪ ನಾಚಿಕೆಯ ವಿಷಯ.

ಮಳೆಗಾಲದಲ್ಲಿ ಅಂಕೋಲೆಗೆ ಹೋದರೆ ಅಜ್ಜನ ಮನೆಯ ಗದ್ದೆಯಲ್ಲಿ ನೆಟ್ಟಿ. ಹಾಲಕ್ಕಿ ಸಮುದಾಯದ ಹೆಂಗಸರು ಸಾಲಾಗಿ ಬಾಗಿ ಸಸಿ ಊರುತ್ತ ಹಾಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ. ಒಬ್ಬಳು ಎತ್ತಿಕೊಂಡರೆ ಉಳಿದವರು ಹಿಂದಿನಿಂದ ಸೇರುವುದು. ಮಳೆ ಜೋರಾದರೆ ದನಿಯೂ ಜೋರು. ಸುಗ್ಗಿಯ ಹೊತ್ತಿಗೆ ಹೋದರೆ ಗುಮಟೆಯ ಸದ್ದು. ಗುಮಟೆ ಅಂದರೆ ಮಣ್ಣಿನ ಮಡಕೆಗೆ ಒಂದು ಬದಿ ಚರ್ಮ ಬಿಗಿದದ್ದು. ಇನ್ನೊಂದು ಬದಿಯ ಬಾಯಿಯನ್ನು ಕೈಯಿಂದ ಮುಚ್ಚಿ ತೆರೆದು ಮಾಡಿದರೆ ದನಿ ಒಳಗಿಂದ ಹೊರಳಿ ಬರುತ್ತದೆ. ರಾತ್ರಿ ದೂರದ ಕೊಪ್ಪದಿಂದ ಕೇಳುತ್ತಿತ್ತು.

ಇವೆಲ್ಲ ನಾನು ಕೇಳಿದ್ದು ಎಂಟರಿಂದ ಹದಿನೈದರ ವಯಸ್ಸಿನಲ್ಲಿ. ನೆನಪಿನ ಸಂಶೋಧಕರು ಹೇಳುವ ವಯಸ್ಸೇ, ಹೆಚ್ಚುಕಡಿಮೆ. ಮನ್ಸೂರರನ್ನು ಕೇಳಿದಷ್ಟೇ ಗಂಟೆ ಇದನ್ನೂ ಕೇಳಿರಬೇಕು, ಜಾಸ್ತಿಯೇ ಇರಬಹುದು. ಆದರೆ ಒಂದು ಹಾಡೂ ನನಗೆ ಬರುವುದಿಲ್ಲ. ಒಂದು ಸಾಲೂ ಇಲ್ಲ.

ಯಾಕೆ ಅಂತ ತುಂಬಾ ಸಲ ಯೋಚಿಸಿದ್ದೇನೆ. ಅಲ್ಲಿ ಯಾರೂ 'ಶ್ಶ್' ಅನ್ನಲಿಲ್ಲ. ಆ ಹಾಡಿನ ಮೇಲೆಯೇ ನಾವು ಕೂಗಾಡುತ್ತಿದ್ದೆವು, ಅಜ್ಜಿ ಚಹಾ ಕಳಿಸಲು ಕರೆಯುತ್ತಿದ್ದಳು, ಅಜ್ಜ ಲೆಕ್ಕ ಕೇಳುತ್ತಿದ್ದರು. ಅದು ಕೆಲಸದ ಸದ್ದು, ನೀರು ಹರಿಯುವ ಸದ್ದಿನ ಹಾಗೆ. ಸಂಗೀತ ಅಂದರೆ ಜಗಲಿಯ ಮೇಲಿನ ಪೆಟ್ಟಿಗೆಯಿಂದ ಬರುವುದು ಅಂತ ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗದ್ದೆಯಲ್ಲಿ ಇರುವವರು ಯಾರು, ಜಗಲಿಯಲ್ಲಿ ಇರುವವರು ಯಾರು ಅನ್ನುವುದು ಮಕ್ಕಳಿಗೂ ಗೊತ್ತಿತ್ತು.

2017ರಲ್ಲಿ ಅಂಕೋಲೆ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂತು. ನಮ್ಮ ಗುಂಪಿನಲ್ಲಿ ಎಲ್ಲರೂ 'ನಮ್ಮ ಜಿಲ್ಲೆಯ ಹೆಮ್ಮೆ' ಅಂತ ಅವರ ಫೋಟೋ ಹಾಕಿದರು. ನಾನೂ ಹಾಕಿದೆ. ಆ ರಾತ್ರಿ ಮೊದಲ ಸಲ ಸುಮ್ನೆ ಕೂತು ಅವರ ಹಾಡು ಕೇಳಿದೆ. ನಲವತ್ತನೆಯ ವಯಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು, ಹುಟ್ಟಿದಾಗಿನಿಂದ ಕಿವಿಯ ಪಕ್ಕವೇ ಇದ್ದದ್ದನ್ನು. ಹೋದ ವರ್ಷ, 2025ರ ಫೆಬ್ರವರಿಯಲ್ಲಿ, ಅವರು ತೀರಿಕೊಂಡರು. ಗದ್ದೆಗಳೂ ಈಗ ಬಹಳ ಕಡೆ ಬೀಳುಬಿದ್ದಿವೆ. ಅಜ್ಜನ ಮನೆಯ ಗದ್ದೆಯಂತೂ ಬೇಲಿಯೊಳಗೆ ಹುಲ್ಲು.

ಹಾಗಾಗಿ 'ನಮ್ಮ ಕಾಲದ ಹಾಡು' ಅಂತ ಯಾರಾದರೂ ಹೇಳಿದರೆ ನನಗೆ ಈಗ ಈ ಗದ್ದೆ ಅಡ್ಡ ಬರುತ್ತದೆ. ಅದೂ ನಮ್ಮ ಕಾಲದ್ದೇ ಅಲ್ವಾ? ಪಟ್ಟಿಯಲ್ಲಿ ಯಾಕೆ ಇಲ್ಲ?

ಯಕ್ಷಗಾನದ ವಿಷಯಕ್ಕೆ ಬಂದರೆ ನಾನು ಇನ್ನೂ ಮೊಂಡ. ನಮ್ಮ ಹುಡುಗರ ಪಾಲಿಗೆ ಭಾಗವತ ಕಾಳಿಂಗ ನಾವಡರೇ ಎಲ್ಲ. 1990ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನನಗೆ ಹದಿಮೂರು. ಇರುವಾಗ ಕೇಳಿದ್ದಕ್ಕಿಂತ ಹೋದ ಮೇಲೆ ಕ್ಯಾಸೆಟ್ಟಿನಲ್ಲಿ ಕೇಳಿದ್ದೇ ಜಾಸ್ತಿ. ಅಪ್ಪನಿಗೆ ಅವರು ಹಿಡಿಸುತ್ತಿರಲಿಲ್ಲ. 'ಅಂವ ಎಂತಕ್ಕೆ ಹಾಂಗೆ ಎಳೀತ? ಬಂದ್ ಮಾಡಾ' ಅನ್ನುತ್ತಿದ್ದರು. ಅವರಿಗೆ ಕಡತೋಕಾ ಮಂಜುನಾಥ ಭಾಗವತರು, ನೆಬ್ಬೂರು ನಾರಾಯಣ ಭಾಗವತರು. ಪದ ಕಟ್ಟುನಿಟ್ಟಾಗಿ ಇರಬೇಕು, ಪಾತ್ರಕ್ಕೆ ಜಾಗ ಬಿಡಬೇಕು, ರಾಗ ತೋರಿಸಲು ಬೇರೆ ಜಾಗ ಇದೆ ಅನ್ನುವುದು ಅವರ ವಾದ. ನಾನು ಹಟಕ್ಕೆ ಬಿದ್ದು ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದೆ.

ಎರಡು ವರ್ಷದ ಹಿಂದೆ ಶಿರಸಿಯಲ್ಲಿ ಒಂದು ಆಟಕ್ಕೆ ಹೋಗಿದ್ದೆ. ಭಾಗವತರು ಹುಡುಗ. ಒಳ್ಳೆಯ ಕಂಠ. ಒಂದು ಪದವನ್ನು ಹಿಡಿದುಕೊಂಡು ಎಳೆದ, ಎಳೆದ, ಸಿನಿಮಾ ಹಾಡಿನ ಛಾಯೆಯನ್ನೂ ತಂದ, ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. 'ಇವನಿಗೆ ಎಂತಕ್ಕೆ ಇಷ್ಟು ಎಳೆಯುವುದು? ಪಾತ್ರಕ್ಕೆ ಜಾಗ ಬಿಡಬಾರದಾ' ಅಂದೆ. ಪಕ್ಕದಲ್ಲಿ ಕೂತ ಹೆಂಡತಿ ನನ್ನ ಮುಖ ನೋಡಿದಳು. 'ಮಾವ ಬಂದು ಕೂತ ಹಾಗೆ ಆಯ್ತು' ಅಂದಳು. ನಾನು ಕಡಲೆ ತಿನ್ನುತ್ತ ಸುಮ್ಮನಾದೆ. ಆದರೂ ಹೇಳುತ್ತೇನೆ, ಹುಡುಗ ಎಳೆದದ್ದು ಜಾಸ್ತಿಯೇ.

'ಮುಂಗಾರು ಮಳೆ' ಬಂದಿದ್ದು 2006ರ ಕೊನೆಗೆ. ಅದರ ಕೆಲವು ಹಾಡು ಬರೆದವರು ಗೋಕರ್ಣದ ಜಯಂತ ಕಾಯ್ಕಿಣಿ, ಅಂದರೆ ನಮ್ಮ ತಾಯಿಯ ಸೀಮೆಯವರೇ. ಕುಮಟಾ, ಗೋಕರ್ಣ, ಅಂಕೋಲೆ ಟೆಂಪೋಗಳಲ್ಲಿ ಬೇರೆ ಹಾಡೇ ಇಲ್ಲ ಆ ವರ್ಷ. ನನಗೆ ಆಗ ಇಪ್ಪತ್ತೊಂಬತ್ತು, ಮನೆ ಸಾಲದ ಕಂತು ಶುರುವಾಗಿತ್ತು. ಸಾಲುಗಳು ಚೆನ್ನಾಗಿವೆ ಅಂತ ತಲೆದೂಗಿದೆ, ಅಷ್ಟೇ. ನನಗಿಂತ ಹನ್ನೊಂದು ವರ್ಷ ಚಿಕ್ಕವನಾದ ತಮ್ಮ, ಚಿಕ್ಕಪ್ಪನ ಮಗ, ಇವತ್ತಿಗೂ ಅದು ಬಂದರೆ ಬೈಕು ನಿಲ್ಲಿಸುತ್ತಾನೆ. ನನ್ನ ಬಸ್ಸಿನ ವಾದ ಇಲ್ಲಿ ಪೂರ್ತಿ ನಡೆಯುವುದಿಲ್ಲ ಅಂತ ಒಪ್ಪುತ್ತೇನೆ. ಹಾಡು ತಡಮಾಡದೆ ಬಂದಿತ್ತು, ತಡವಾಗಿದ್ದು ನನಗೆ.

ಮಗಳಿಗೆ ಈಗ ಹದಿನೈದು. ಅವಳು ಕೊರಿಯಾದ ಹುಡುಗರ ಹಾಡು ಕೇಳುತ್ತಾಳೆ. 'ಒಂದು ಶಬ್ದ ಅರ್ಥ ಆಗುತ್ತದಾ ನಿನಗೆ?' ಅಂತ ಒಮ್ಮೆ ಕೇಳಿದೆ. 'ಅಜ್ಜನಿಗೆ ಹಿಂದಿ ಬರ್ತಿತ್ತಾ?' ಅಂದಳು. ಬರುತ್ತಿರಲಿಲ್ಲ. ನನ್ನ ಅಜ್ಜನ ನಾಟ್ಯಪದ ಗುನುಗುವ ನನಗೂ ಮರಾಠಿ ಬರುವುದಿಲ್ಲ. ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು. ಕೊರಿಯಾದ ಸಿಯೋಲ್‌ನಲ್ಲಿ ಬೆಳಿಗ್ಗೆ ಬಿಟ್ಟ ಹಾಡು ನಮ್ಮ ಜಗಲಿಗೆ ಅದೇ ಹೊತ್ತಿಗೆ ಬರುತ್ತದೆ. ನಮ್ಮೂರಿಗೆ ಬಸ್ಸು ಮಾತ್ರ ಇನ್ನೂ ಮಳೆಗಾಲದಲ್ಲಿ ಹಳ್ಳದ ಆಚೆಗೇ.

ಕಳೆದ ಭಾನುವಾರ ಅಡಿಕೆ ಆರಿಸುತ್ತ ಕೂತಿದ್ದೆವು. ಮಗಳ ಫೋನಿನಿಂದ ಏನೋ ಹಾಡು ಬರುತ್ತಿತ್ತು. ನಾನು ಗಮನ ಕೊಟ್ಟಿರಲಿಲ್ಲ, ಆದರೆ ಕೈ ತಾನೇ ನಿಂತಿತು. ಹೆಣ್ಣಿನ ದನಿ ಗಂಡಿನ ದನಿಯ ಹತ್ತಿರ. ಗಂಡಿನ ದನಿ ಬಾವಿಯೊಳಗಿಂದ. ಎತ್ತಿನ ಗಾಡಿಯ ತಾಳ. ಮೂವತ್ತೈದು ವರ್ಷದ ಹಿಂದಿನ ನಮ್ಮ ಜಗಲಿ.

'ಎಲ್ಲಿ ಸಿಕ್ಕಿತು ಇದು ನಿನಗೆ?'

'ಸ್ಲೋಡ್ ವರ್ಷನ್ ಅಪ್ಪ. ಹಳೆಯ ಹಾಡನ್ನ ಬೇಕಂತಲೇ ನಿಧಾನ ಮಾಡಿ ಹಾಕ್ತಾರೆ. ಈಗ ಎಲ್ಲರೂ ಕೇಳ್ತಾರೆ. ಒರಿಜಿನಲ್ ಬೇಕಾ?'

'ಬೇಡ, ಇದೇ ಸರಿ ಇದೆ' ಅಂದೆ. ಮಗಳು ವಾಲ್ಯೂಮ್ ಸ್ವಲ್ಪ ಏರಿಸಿದಳು. ಒಳಗಿನಿಂದ ಅಪ್ಪ ಕೂಗಿದರು, 'ಆ ಶೆಲ್ಲು ಬದಲು ಮಾಡ್ರಾ!'